ತೋಳಗಳ ಫಾರ್ವರ್ಡ್ ನೋಡಿ ಟೀಮ್‌ವರ್ಕ್ ಕಲಿಯಬಹುದೇ? ಎಂಜಿನಿಯರಿಂಗ್ ಪ್ರಾಜೆಕ್ಟ್ ತಂಡಗಳ ಬಗ್ಗೆ ಆರು ನಂಬಿಕೆಗಳು, ಆರು ನಿಜಗಳು

ಹಿಮದ ಮೇಲೆ ಸಾಲಾಗಿ ನಡೆಯುತ್ತಿರುವ ತೋಳಗಳ ಫೋಟೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೆಳಗೆ ಒಂದು ವಿವರಣೆಯೂ ಇರುತ್ತದೆ. ಮುಂದಿರುವ ಮೂರು ತೋಳಗಳು ಮುದಿಯಾದವು, ಕಾಯಿಲೆಯವು. ಅವುಗಳ ವೇಗಕ್ಕೇ ಇಡೀ ಗುಂಪು ನಡೆಯುತ್ತದೆ. ಅವುಗಳ ಹಿಂದೆ ಐದು ಬಲಶಾಲಿಗಳು. ಎಲ್ಲಕ್ಕಿಂತ ಹಿಂದೆ ಒಂಟಿಯಾಗಿ ಬರುತ್ತಿರುವುದು ನಾಯಕ. ಯಾರೂ ಹಿಂದುಳಿಯದಂತೆ ಆತ ನೋಡಿಕೊಳ್ಳುತ್ತಾನೆ. "ಇದೇ ನಿಜವಾದ ಟೀಮ್‌ವರ್ಕ್, ಎಲ್ಲರಿಗೂ ಶೇರ್ ಮಾಡಿ" ಎಂದು ಸಂದೇಶ ಮುಗಿಯುತ್ತದೆ.

ಫೋಟೊ ನಿಜ, ವಿವರಣೆ ಕಟ್ಟುಕತೆ. ಅದು ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಚಿತ್ರ. ಬಿಬಿಸಿಯ 2011ರ 'ಫ್ರೋಜನ್ ಪ್ಲಾನೆಟ್' ಸರಣಿಯ ಸಮಯದಲ್ಲಿ ಹೊರಬಂದದ್ದು. ಮೂಲ ವಿವರಣೆಯ ಪ್ರಕಾರ ಮುಂದೆ ಇರುವುದು ಗುಂಪಿನ ಪ್ರಮುಖ ಹೆಣ್ಣು ತೋಳ. ಅದು ಆಳದ ಹಿಮವನ್ನು ತುಳಿದು ದಾರಿ ಮಾಡುತ್ತದೆ, ಉಳಿದವು ಅದೇ ಜಾಡಿನಲ್ಲಿ ಹೆಜ್ಜೆ ಇಟ್ಟು ಶಕ್ತಿ ಉಳಿಸಿಕೊಳ್ಳುತ್ತವೆ. ಮುಂದಿರುವವು ಮುದಿ ತೋಳಗಳೂ ಅಲ್ಲ, ಹಿಂದಿರುವುದು ನಾಯಕನೂ ಅಲ್ಲ.

"ಸುಳ್ಳಾದರೇನು, ನೀತಿ ಒಳ್ಳೆಯದಲ್ಲವೇ?" ಎಂದು ನೀವು ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ಇಂಥ ಕತೆಗಳು ಫೋನಿನಲ್ಲೇ ನಿಲ್ಲುವುದಿಲ್ಲ. ತರಬೇತಿಯ ಸ್ಲೈಡುಗಳಲ್ಲಿ, ಭಾಷಣಗಳಲ್ಲಿ ಓಡಾಡಿ, "ಟೀಮ್‌ವರ್ಕ್ ಅಂದರೆ ಒಳ್ಳೆಯ ಮನಸ್ಸು, ಅಷ್ಟೇ" ಎಂಬ ಭಾವನೆ ಮೂಡಿಸುತ್ತವೆ. ಒಳ್ಳೆಯ ಮನಸ್ಸು ಬೇಕು, ನಿಜ. ಆದರೆ ತಂಡದಲ್ಲಿ ಕೆಲಸ ಮಾಡುವುದು ಸೈಕಲ್ ಹೊಡೆದಂತೆ, ಕಲಿತರೆ ಮಾತ್ರ ಬರುವ ವಿದ್ಯೆ. ಅದನ್ನು ಕಲಿಸದೇ ಬಿಟ್ಟರೆ ಏನಾಗುತ್ತದೆ, ಕಲಿಸುವುದು ಹೇಗೆ ಎಂಬುದನ್ನು ನಾವು ಇಲ್ಲಿ ನೋಡೋಣ.

ಯಡಿಯೂರಿನ ಸುತ್ತ ಪ್ರಾಜೆಕ್ಟ್ ಸೀಸನ್

ಯಡಿಯೂರು ಕೆರೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಶುರುವಾದ ಬಿಎಂಎಸ್, ವಿ.ವಿ. ಪುರದಲ್ಲಿ 1979ರ ಬಿಐಟಿ, ಬನಶಂಕರಿ ಮೂರನೇ ಹಂತದಲ್ಲಿ ಪಿಇಎಸ್, ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ್. ಸುತ್ತಲ ಪಿಜಿಗಳಲ್ಲಿ, ದರ್ಶಿನಿಗಳ ಮುಂದೆ ನಿಂತು ಕಾಫಿ ಕುಡಿಯುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಸೈನ್ಸ್ ಅಥವಾ ಇನ್ಫರ್ಮೇಶನ್ ಸೈನ್ಸ್ ವಿದ್ಯಾರ್ಥಿಗಳು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ, ಇಲ್ಲೇ ಪಕ್ಕದ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹತ್ತಿದರೆ ನೇರ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೇ ಇಳಿಯಬಹುದು. ಕಾಲೇಜಿನಿಂದ ಕಂಪನಿಗೆ ಇರುವ ದೂರ ನಕ್ಷೆಯಲ್ಲಿ ಕಡಿಮೆಯಾಗಿದೆ.

ಇನ್ನೊಂದು ದೂರ ಹಾಗೇ ಇದೆ. ಕಂಪನಿಯಲ್ಲಿ ಸಾಫ್ಟ್‌ವೇರನ್ನು ಯಾರೂ ಒಬ್ಬರೇ ಬರೆಯುವುದಿಲ್ಲ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ, ತಪ್ಪು ತೋರಿಸಿ, ಸರಿ ಮಾಡಿದ ಮೇಲೆಯೇ ಅದು ಮುಂದೆ ಹೋಗುತ್ತದೆ. ಕಾಲೇಜಿನಲ್ಲಿ ಇದರ ಅಭ್ಯಾಸ ಸಿಗುವ ಮುಖ್ಯ ಜಾಗ ಎಂದರೆ ಮಿನಿ ಪ್ರಾಜೆಕ್ಟ್ ಮತ್ತು ಕೊನೆಯ ವರ್ಷದ ಪ್ರಾಜೆಕ್ಟ್. ಸಾಮಾನ್ಯವಾಗಿ ನಾಲ್ವರ ತಂಡ.

ಆ ನಾಲ್ವರಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿರುವ ಕತೆಯೇ. ಟಾಪರ್ ಹುಡುಗ ರಾತ್ರಿಯಿಡೀ ಕೂತು ಕೋಡ್ ಬರೆಯುತ್ತಾನೆ. "ನಿನ್ನ ಇಂಗ್ಲಿಷ್ ಚೆನ್ನಾಗಿದೆ" ಎಂದು ಹುಡುಗಿಯೊಬ್ಬಳಿಗೆ ರಿಪೋರ್ಟ್ ಬರೆಯುವ ಕೆಲಸ ಬೀಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ತಲೆ ಇದ್ದರೂ ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ. ನಾಲ್ಕನೆಯವನು ಪ್ರಿಂಟೌಟ್ ಮತ್ತು ಬೈಂಡಿಂಗ್ ಖರ್ಚು ನೋಡಿಕೊಳ್ಳುತ್ತಾನೆ. ವೈವಾ ಮುಗಿದ ಮೇಲೆ ನಾಲ್ವರ ಅಂಕಗಳೂ ಹೆಚ್ಚು ಕಡಿಮೆ ಒಂದೇ.

ಆಮೇಲೆ ಕೆಲಸದ ಇಂಟರ್‌ವ್ಯೂ ಬರುತ್ತದೆ. "ಈ ಪ್ರಾಜೆಕ್ಟಿನಲ್ಲಿ ನೀವು ಮಾಡಿದ್ದು ಏನು?" ಎಂಬ ಒಂದೇ ಪ್ರಶ್ನೆಗೆ ಮೂವರು ತಡವರಿಸುತ್ತಾರೆ. ನಾಲ್ಕನೆಯವನಿಗೆ, ಅಂದರೆ ಟಾಪರಿಗೆ, ಉತ್ತರ ಗೊತ್ತು. ಆದರೆ "ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂದರೆ ಅವನೂ ಸುಮ್ಮನಾಗುತ್ತಾನೆ. ಅವನ ತಂಡದಲ್ಲಿ ಅಭಿಪ್ರಾಯ ಹೇಳಿದವನು ಅವನೊಬ್ಬನೇ ಅಲ್ಲವೇ?

ನಿಯಮ ಪುಸ್ತಕದಲ್ಲಿ ಇದಕ್ಕೆ ಜಾಗ ಇಲ್ಲ ಎಂದೇನೂ ಅಲ್ಲ. ಭಾರತ 2014ರ ಜೂನ್‌ನಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ದೇಶವಾಯಿತು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವ್ಯವಸ್ಥೆ ಅದು. ಅದರಂತೆ ಕೋರ್ಸುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಪದವೀಧರರಲ್ಲಿ ಇರಬೇಕಾದ ಗುಣಗಳ ಪಟ್ಟಿ ಇಟ್ಟುಕೊಂಡಿದೆ. ಒಬ್ಬರಾಗಿಯೂ ತಂಡದಲ್ಲೂ ಕೆಲಸ ಮಾಡುವ ಸಾಮರ್ಥ್ಯ ಆ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇರುವುದು ಬೇರೆ, ಕಲಿಸುವುದು ಬೇರೆ. ನಡುವೆ ಅಡ್ಡ ನಿಂತಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಗುಂಪು ಮಾಡಿ ಬಿಟ್ಟರೆ ಟೀಮ್‌ವರ್ಕ್ ತಾನಾಗಿ ಬರುತ್ತದೆ

ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ. ಹಗ್ಗಕ್ಕೆ ನೂರು ಕೈ ಇರುತ್ತವೆ. ಎಲ್ಲರೂ ಒಂದೇ ಬಲದಿಂದ ಎಳೆಯುತ್ತಿದ್ದಾರೆಯೇ? ಕೆಲವರು ಹಗ್ಗ ಮುಟ್ಟಿ ಪುಣ್ಯ ಕಟ್ಟಿಕೊಳ್ಳುತ್ತಿರುತ್ತಾರೆ ಅಷ್ಟೇ.

ಇದನ್ನು ಅಳೆದು ನೋಡಿದವರು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್. 1880ರ ದಶಕದಲ್ಲಿ ಪ್ರಯೋಗ ಮಾಡಿ 1913ರಲ್ಲಿ ಪ್ರಕಟಿಸಿದರು. ಜನ ಹೆಚ್ಚಾದಂತೆ ಒಟ್ಟು ಬಲ ಹೆಚ್ಚುತ್ತದೆ, ಆದರೆ ಒಬ್ಬೊಬ್ಬರ ಪಾಲು ಇಳಿಯುತ್ತಾ ಹೋಗುತ್ತದೆ. ಅವರ ಲೆಕ್ಕದಲ್ಲಿ ಎಂಟು ಜನ ಸೇರಿದಾಗ ಒಬ್ಬೊಬ್ಬರ ಕೊಡುಗೆ, ಒಂಟಿಯಾಗಿ ಮಾಡಿದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು.

ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಇದಕ್ಕೆ ಒಂದು ಕಾರಣ. ಅದೊಂದೇ ಕಾರಣವೇ? 1979ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಕಣ್ಣು ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಜೋರಾಗಿ ಕೂಗಲು ಹೇಳಿದರು. ಕೆಲವು ಸಲ "ನಿನ್ನ ಜೊತೆ ಇನ್ನೂ ಐವರು ಕೂಗುತ್ತಿದ್ದಾರೆ" ಎಂದು ನಂಬಿಸಿದರು. ನಿಜವಾಗಿ ಕೂಗುತ್ತಿದ್ದದ್ದು ಒಬ್ಬರೇ. ಆಗ ಅವರ ದನಿ ಒಂಟಿಯಾಗಿ ಕೂಗಿದ್ದರ ಶೇ 74ಕ್ಕೆ ಇಳಿಯಿತು. ಅಂದರೆ ಜೊತೆಗೆ ಜನ ಇದ್ದಾರೆ ಎಂಬ ಭಾವನೆಯೇ ಸಾಕು, ನಾವು ಸ್ವಲ್ಪ ಕೈ ಸಡಿಲ ಬಿಡುತ್ತೇವೆ. ಇದಕ್ಕೆ ಸಂಶೋಧಕರು ಇಟ್ಟ ಹೆಸರು ಸೋಶಿಯಲ್ ಲೋಫಿಂಗ್. ನಮ್ಮ ಮಾತಿನಲ್ಲಿ ಗುಂಪಿನ ಸೋಮಾರಿತನ ಎನ್ನಬಹುದು.

ಒಳ್ಳೆಯ ಸುದ್ದಿಯೂ ಇದೆ. ಇದೇ ಸಂಶೋಧಕರು 1981ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. "ಗುಂಪಿನಲ್ಲಿದ್ದರೂ ನಿಮ್ಮ ದನಿ ಪ್ರತ್ಯೇಕವಾಗಿ ಅಳತೆಯಾಗುತ್ತದೆ" ಎಂದು ತಿಳಿಸಿದಾಗ ಈ ಸೋಮಾರಿತನ ಮಾಯವಾಯಿತು. ಹೀಗಾಗಿ ಪ್ರಾಜೆಕ್ಟಿನಲ್ಲಿ ಕೆಲಸ ಮಾಡದ ಹುಡುಗ ಹುಟ್ಟಾ ಸೋಮಾರಿ ಎಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಅವನು ಮಾಡಿದ್ದು, ಮಾಡದೇ ಇದ್ದದ್ದು ಯಾರಿಗಾದರೂ ಕಾಣುವಂತಿತ್ತೇ?

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಇದನ್ನು ಬಹಳ ಹಿಂದೆಯೇ ಅರಿತಿತ್ತು. ಇವತ್ತು ನಾನು ನಿಮ್ಮ ಗದ್ದೆಗೆ ನಾಟಿಗೆ ಬರುತ್ತೇನೆ, ನಾಳೆ ನೀವು ನಮ್ಮ ಗದ್ದೆಗೆ ಬರಬೇಕು. ಯಾರು ಬಂದರು, ಯಾರು ಬರಲಿಲ್ಲ, ಯಾರ ಸಾಲು ಹಿಂದೆ ಬಿತ್ತು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅಲ್ಲಿ ಒಳ್ಳೆಯತನವೂ ಇತ್ತು, ಲೆಕ್ಕವೂ ಇತ್ತು.

ನಂಬಿಕೆ 2: ಜನ ಹೆಚ್ಚಾದಷ್ಟೂ ಕೆಲಸ ಬೇಗ ಮುಗಿಯುತ್ತದೆ

ಬಾವಿ ತೋಡುವಾಗ ಒಂದು ಮಟ್ಟಿಗೆ ಇದು ನಿಜ. ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಐಬಿಎಂನ ಓಎಸ್/360 ಎಂಬ ಭಾರಿ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರ ಅನುಭವದ ಸಾರ.

ಕಾರಣ ಸರಳ ಲೆಕ್ಕ. ಇಬ್ಬರ ನಡುವೆ ಮಾತಿನ ದಾರಿ ಒಂದು. ನಾಲ್ವರಿದ್ದರೆ ಆರು. ಹತ್ತು ಜನರಿದ್ದರೆ 45. ಹೊಸಬರಿಗೆ ಹಳಬರು ಕೂತು ಎಲ್ಲವನ್ನೂ ವಿವರಿಸಬೇಕು, ಆ ಹೊತ್ತಿನಲ್ಲಿ ಹಳಬರ ಕೆಲಸ ನಿಲ್ಲುತ್ತದೆ. ಆದ್ದರಿಂದ ಕಲಿಕೆಗೆ ಮೂರು ನಾಲ್ಕು ಜನರ ತಂಡವೇ ಸೂಕ್ತ. ಅದಕ್ಕಿಂತ ದೊಡ್ಡದಾದರೆ ಅವಿತುಕೊಳ್ಳಲು ಜಾಗ ಸಿಗುತ್ತದೆ, ತೀರಾ ಚಿಕ್ಕದಾದರೆ ಭಿನ್ನ ಯೋಚನೆಗಳು ಸಿಗುವುದಿಲ್ಲ.

ಆರು ದಾರಿಗಳನ್ನು ಸರಿಯಾಗಿ ಇಟ್ಟುಕೊಳ್ಳುವುದೂ ಒಂದು ಕೆಲಸ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಬೇಕು. ವಾಟ್ಸಾಪ್ ಗ್ರೂಪಿನಲ್ಲಿ "ಓಕೆ ಮಗಾ" ಎಂದು ಹಾಕಿದ ಮಾತ್ರಕ್ಕೆ ಯಾರು ಏನು ಮಾಡಬೇಕು ಎಂಬುದು ತೀರ್ಮಾನ ಆದಂತಲ್ಲ.

ನಂಬಿಕೆ 3: ಒಬ್ಬ ಟಾಪರ್ ಇದ್ದರೆ ತಂಡ ಗೆದ್ದಂತೆ

2010ರಲ್ಲಿ ಅನಿತಾ ವುಲಿ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 699 ಜನರನ್ನು ಎರಡರಿಂದ ಐದು ಮಂದಿಯ ಗುಂಪುಗಳಾಗಿ ಮಾಡಿ, ಒಗಟು ಬಿಡಿಸುವುದರಿಂದ ಹಿಡಿದು ಚರ್ಚಿಸಿ ತೀರ್ಮಾನ ಮಾಡುವವರೆಗೆ ಬೇರೆ ಬೇರೆ ಕೆಲಸ ಕೊಟ್ಟರು. ಗುಂಪಿನ ಸಾಧನೆಗೂ ಅದರ ಅತಿ ಬುದ್ಧಿವಂತ ಸದಸ್ಯರ ಬುದ್ಧಿಮತ್ತೆಗೂ ಬಲವಾದ ಸಂಬಂಧ ಕಾಣಲಿಲ್ಲ. ಸರಾಸರಿ ಬುದ್ಧಿಮತ್ತೆಗೂ ಇಲ್ಲ.

ಸಂಬಂಧ ಕಂಡದ್ದು ಬೇರೆ ಗುಣಗಳಿಗೆ. ಇನ್ನೊಬ್ಬರ ಮುಖ ನೋಡಿ ಭಾವನೆ ಅರಿಯುವ ಸೂಕ್ಷ್ಮತೆ ಒಂದು. ಮಾತಿನ ಸರದಿ ಎಲ್ಲರಿಗೂ ಹೆಚ್ಚು ಕಡಿಮೆ ಸಮವಾಗಿ ಸಿಗುವುದು ಇನ್ನೊಂದು. ಒಂದಿಬ್ಬರೇ ಮಾತಾಡುತ್ತಿದ್ದ ಗುಂಪುಗಳು ಹಿಂದೆ ಬಿದ್ದವು.

ಇದರಿಂದ ಜಾಣತನ ಬೇಡವೇ ಬೇಡ ಎಂದು ಅರ್ಥ ಮಾಡಿಕೊಳ್ಳಬಾರದು. ಕೋಡ್ ಬರೆಯಲು ಕೋಡ್ ಬರಲೇಬೇಕು. ಆದರೆ ಬಾಯಿ ಬಿಡದೆ ಕೂತ ಕನ್ನಡ ಮಾಧ್ಯಮದ ಹುಡುಗನಿಗೆ ಹೊಳೆದದ್ದು ತಂಡಕ್ಕೆ ತಲುಪದಿದ್ದರೆ ನಷ್ಟ ಅವನೊಬ್ಬನದಲ್ಲ. ಪರಿಹಾರ ಬಹಳ ಸರಳ: ಮೀಟಿಂಗಿನಲ್ಲಿ ಚರ್ಚೆಗೆ ಮೊದಲು ಐದು ನಿಮಿಷ ಎಲ್ಲರೂ ತಮ್ಮ ಯೋಚನೆಯನ್ನು ಚೀಟಿಯಲ್ಲಿ ಬರೆಯಲಿ, ಆಮೇಲೆ ಸರದಿಯಲ್ಲಿ ಓದಲಿ. ಕನ್ನಡದಲ್ಲೇ ಹೇಳಲಿ, ತಪ್ಪೇನು? ಕಂಪ್ಯೂಟರಿಗೆ ಅರ್ಥವಾಗಬೇಕಾದ್ದು ಕೋಡ್, ತಂಡಕ್ಕೆ ಅರ್ಥವಾಗಬೇಕಾದ್ದು ವಿಚಾರ.

ನಂಬಿಕೆ 4: ಫೀಡ್‌ಬ್ಯಾಕ್ ಕೊಟ್ಟರೆ ಸುಧಾರಣೆ ಖಚಿತ

ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅದುವರೆಗೆ ಬಂದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭ ಇತ್ತು. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು! ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ತಿರುಗಿದಷ್ಟೂ ಲಾಭ ಕಡಿಮೆ ಎಂಬುದು ಅವರ ವಿವರಣೆ.

ಉದಾಹರಣೆ ನೋಡಿ. "ಮಗಾ, ನಿನ್ನ ಕೋಡ್ ಡಬ್ಬಾ, ನಿಂಗೆ ಇದೆಲ್ಲ ಆಗಲ್ಲ ಬಿಡು." ಇದು ವ್ಯಕ್ತಿಯ ಮೇಲೆ ಬಿದ್ದ ಮಾತು. ಕೇಳಿದವನು ತನ್ನ ಮಾನ ಉಳಿಸಿಕೊಳ್ಳುವ ಯೋಚನೆಯಲ್ಲಿ ಬೀಳುತ್ತಾನೆ, ಕೋಡ್ ಹಾಗೇ ಉಳಿಯುತ್ತದೆ.

"ಸೂಪರ್ ಗುರು, ಬೆಂಕಿ!" ಇದೂ ವ್ಯಕ್ತಿಯ ಮೇಲೆ ಬಿದ್ದ ಮಾತೇ. ಕೇಳಲು ಖುಷಿ, ಆದರೆ ಮುಂದೆ ಏನು ಮಾಡಬೇಕು ಎಂಬುದು ಇದರಿಂದ ತಿಳಿಯುವುದಿಲ್ಲ.

"ಲಾಗಿನ್ ಪೇಜಲ್ಲಿ ಪಾಸ್‌ವರ್ಡ್ ಖಾಲಿ ಬಿಟ್ರೂ ಒಳಗೆ ಬಿಡ್ತಿದೆ. ಮೊದಲು ಖಾಲಿ ಇದ್ಯಾ ಅಂತ ಚೆಕ್ ಮಾಡಿದ್ರೆ ಸರಿಹೋಗತ್ತೆ ಅನ್ಸತ್ತೆ. ಒಂದ್ಸಲ ನೋಡ್ತೀಯಾ?" ಇದು ಕೆಲಸದ ಮೇಲಿನ ಮಾತು. ಏನು ಕಂಡಿತು, ಅದರಿಂದ ಏನು ತೊಂದರೆ, ಮುಂದೇನು ಮಾಡಬಹುದು, ಮೂರೂ ಇದರಲ್ಲಿವೆ. ಈ ಮೂರು ಭಾಗಗಳನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ರೂಢಿಯಾಗಲು ಮಾತ್ರ ಒಂದು ಸೆಮಿಸ್ಟರ್ ಬೇಕು.

ಸಾಫ್ಟ್‌ವೇರ್ ಜಗತ್ತಿನಲ್ಲಿ ಈ ಪಾಠ ಹಳೆಯದು. ಪ್ರೋಗ್ರಾಮರ್ ತನ್ನ ಕೋಡನ್ನೇ ತನ್ನ ಮಾನ ಎಂದು ಅಂಟಿಸಿಕೊಳ್ಳಬಾರದು ಎಂದು ಜೆರಾಲ್ಡ್ ವೈನ್‌ಬರ್ಗ್ 1971ರಲ್ಲೇ ಬರೆದಿದ್ದರು. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಗೆ ಒಂದು ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದರು. ಕೆಲವರು ಸೇರಿ, ಒಬ್ಬೊಬ್ಬರಿಗೂ ಒಂದು ಪಾತ್ರ ಹಂಚಿಕೊಂಡು, ಕೋಡನ್ನು ಓದಿ ತಪ್ಪು ಹುಡುಕುತ್ತಾರೆ. ಇವತ್ತು ಕಂಪನಿಗಳಲ್ಲಿ ನಡೆಯುವ ಕೋಡ್ ರಿವ್ಯೂ ಇದರ ಹಗುರ ರೂಪ ಎನ್ನಬಹುದು.

ಇನ್ನೊಂದು ಅಚ್ಚರಿಯ ವಿಷಯ. ಫೀಡ್‌ಬ್ಯಾಕ್‌ನಿಂದ ಪಡೆಯುವವರಿಗಷ್ಟೇ ಲಾಭ ಎಂದು ನಾವು ಭಾವಿಸುತ್ತೇವೆ. 2009ರಲ್ಲಿ ಲಂಡ್‌ಸ್ಟ್ರೋಮ್ ಮತ್ತು ಬೇಕರ್ ಎಂಬ ಸಂಶೋಧಕರು ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ಎರಡು ಬಗೆಯಾಗಿ ಮಾಡಿದರು. ಕೆಲವರು ಬೇರೆಯವರ ಬರಹ ಓದಿ ಸಲಹೆ ಕೊಡುವುದನ್ನು ಮಾತ್ರ ಕಲಿತರು, ಕೆಲವರು ಸಲಹೆ ಪಡೆದು ತಿದ್ದುವುದನ್ನು ಮಾತ್ರ. ಸೆಮಿಸ್ಟರ್ ಮುಗಿದಾಗ ತಮ್ಮದೇ ಬರಹದಲ್ಲಿ ಹೆಚ್ಚು ಸುಧಾರಿಸಿದ್ದವರು ಸಲಹೆ ಕೊಟ್ಟವರು. ಅದು ಪ್ರಬಂಧದ ಮೇಲಿನ ಅಧ್ಯಯನ, ಕೋಡ್ ಮೇಲಿನದಲ್ಲ. ಆದರೂ ಗೆಳೆಯರ ಕೋಡ್ ಓದುವುದು ಟೈಮ್ ವೇಸ್ಟ್ ಎಂದುಕೊಳ್ಳುವವರು ಇದನ್ನು ಯೋಚಿಸಬೇಕು.

ನಂಬಿಕೆ 5: ವಿದ್ಯಾರ್ಥಿಗಳೇ ಪರಸ್ಪರ ಅಂಕ ಕೊಟ್ಟರೆ ಬರೀ ಮೋಸ

ಈ ಭಯಕ್ಕೆ ಕಾರಣ ಇದೆ. ನಮ್ಮಲ್ಲಿ ದಾಕ್ಷಿಣ್ಯ ಹೆಚ್ಚು. "ಅವನಿಗೆ ಬೇಜಾರಾಗುತ್ತೆ, ಹತ್ತಕ್ಕೆ ಹತ್ತು ಕೊಟ್ಟುಬಿಡೋಣ" ಎಂದುಕೊಳ್ಳುತ್ತೇವೆ. ಯಥಾರ್ಥವಾದಿ ಲೋಕವಿರೋಧಿ ಎಂಬ ಮಾತನ್ನು ಕೇಳುತ್ತಲೇ ಬೆಳೆದಿದ್ದೇವೆ. ನಾಲ್ಕು ವರ್ಷ ಒಂದೇ ಪಿಜಿಯಲ್ಲಿ ಇರಬೇಕಾದವರು ಒಬ್ಬರಿಗೊಬ್ಬರು ಕಡಿಮೆ ಅಂಕ ಹಾಕುವುದು ಸುಲಭವೂ ಅಲ್ಲ.

ಆದರೆ ಸಾಕ್ಷ್ಯ ಏನು ಹೇಳುತ್ತದೆ? ನ್ಯಾನ್ಸಿ ಫಾಲ್ಚಿಕೋವ್ ಮತ್ತು ಜೂಡಿ ಗೋಲ್ಡ್‌ಫಿಂಚ್ 2000ದಲ್ಲಿ 48 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಕಾಲೇಜು ವಿದ್ಯಾರ್ಥಿಗಳು ಸಹಪಾಠಿಗಳಿಗೆ ಕೊಟ್ಟ ಅಂಕಕ್ಕೂ ಅಧ್ಯಾಪಕರು ಕೊಟ್ಟ ಅಂಕಕ್ಕೂ ಸರಾಸರಿ 0.69 ಹೊಂದಾಣಿಕೆ ಇತ್ತು. ಪೂರ್ತಿ ಹೊಂದಿದರೆ 1, ಏನೂ ಸಂಬಂಧ ಇಲ್ಲದಿದ್ದರೆ 0. ಅಂದರೆ ಸಾಕಷ್ಟು ಒಳ್ಳೆಯ ಹೊಂದಾಣಿಕೆ. ಯಾವುದಕ್ಕೆ ಎಷ್ಟು ಅಂಕ ಎಂಬ ಮಾನದಂಡ ಸ್ಪಷ್ಟವಾಗಿ ಗೊತ್ತಿದ್ದಾಗ ಹೊಂದಾಣಿಕೆ ಇನ್ನೂ ಚೆನ್ನಾಗಿರುತ್ತದೆ.

"ಅವನು ಒಳ್ಳೆಯ ಹುಡುಗನಾ?" ಎಂದು ಕೇಳಿದರೆ ದಾಕ್ಷಿಣ್ಯ ಅಡ್ಡ ಬರುತ್ತದೆ. "ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನ ಮುಗಿಸಿದನಾ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಬೆಳೆದ ಕ್ಯಾಟ್‌ಮಿ ಎಂಬ ವ್ಯವಸ್ಥೆ ಹೀಗೆಯೇ ನಡವಳಿಕೆಯನ್ನು ಕೇಳುತ್ತದೆ. ತಂಡದ ಕೆಲಸಕ್ಕೆ ಕೊಡುಗೆ, ಸಂಗಡಿಗರ ಜೊತೆ ಒಡನಾಟ, ತಂಡವನ್ನು ಹಳಿಯ ಮೇಲೆ ಇಡುವುದು, ಗುಣಮಟ್ಟದ ನಿರೀಕ್ಷೆ, ಬೇಕಾದ ಜ್ಞಾನ ಮತ್ತು ಕೌಶಲ, ಇವು ಅದರ ಐದು ಅಂಶಗಳು.

ಅಂಕದ ಲೆಕ್ಕ ಹೇಗೆ ಎಂಬುದಕ್ಕೆ ಒಂದು ಸರಳ ಉದಾಹರಣೆ. ತಂಡದ ಪ್ರಾಜೆಕ್ಟಿಗೆ 50ಕ್ಕೆ 40 ಬಂತು ಎಂದುಕೊಳ್ಳಿ. ಸಂಗಡಿಗರು ಐದರ ಮಾಪನದಲ್ಲಿ ಕೊಟ್ಟ ಸರಾಸರಿ ಅಂಕ ನಾಲ್ವರಿಗೆ ಕ್ರಮವಾಗಿ 4.4, 4.2, 4.0 ಮತ್ತು 3.4. ತಮಗೆ ತಾವೇ ಕೊಟ್ಟುಕೊಂಡದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಡೀ ತಂಡದ ಸರಾಸರಿ 4.0. ಒಬ್ಬೊಬ್ಬರ ಅಂಕವನ್ನೂ ಈ ಸರಾಸರಿಯಿಂದ ಭಾಗಿಸಿ 40ರಿಂದ ಗುಣಿಸಿದರೆ 44, 42, 40 ಮತ್ತು 34 ಬರುತ್ತದೆ. ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟರೆ ಎಲ್ಲರಿಗೂ 40 ಮಾತ್ರ. ಅಂದರೆ ದಾಕ್ಷಿಣ್ಯದ ಅಂಕದಿಂದ ಯಾರಿಗೂ ಹೆಚ್ಚಿನ ಲಾಭ ಇಲ್ಲ, ಹೆಚ್ಚು ದುಡಿದವರಿಗೆ ನಷ್ಟ ಉಂಟು.

ಎಚ್ಚರಿಕೆಯೂ ಬೇಕು. ಮೂವರು ಸೇರಿ ಒಬ್ಬರನ್ನು ತುಳಿಯಬಹುದು. ಜಾತಿ, ಭಾಷೆ, ಹೆಣ್ಣು ಗಂಡು ಎಂಬ ಪೂರ್ವಗ್ರಹ ಅಂಕದಲ್ಲಿ ನುಸುಳಬಹುದು. ಆದ್ದರಿಂದ ಅಂಕಗಳು ಗೌಪ್ಯವಾಗಿರಬೇಕು, ಪ್ರತಿ ಅಂಕಕ್ಕೂ ಒಂದು ವಾಕ್ಯದ ಉದಾಹರಣೆ ಬರೆಯಬೇಕು, ಕೊನೆಯ ಮಾತು ಅಧ್ಯಾಪಕರದ್ದೇ ಆಗಿರಬೇಕು. ಒಬ್ಬರ ಅಂಕ ವಿಪರೀತ ಕೆಳಗಿದ್ದರೆ ಅದನ್ನು ತೀರ್ಪು ಎಂದುಕೊಳ್ಳದೆ, ಕರೆದು ವಿಚಾರಿಸಲು ಬಂದ ಸೂಚನೆ ಎಂದುಕೊಳ್ಳಬೇಕು.

ನಂಬಿಕೆ 6: ಗಿಟ್‌ನಲ್ಲಿ ಕಮಿಟ್ ಎಣಿಸಿದರೆ ಯಾರು ದುಡಿದರು ಎಂದು ಗೊತ್ತಾಗುತ್ತದೆ

ಗಿಟ್ ಎಂಬುದು ಕೋಡಿನ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ ಮಾಡಿದರು ಎಂದು ದಾಖಲಿಸುವ ಸಾಧನ. ಲಿನಕ್ಸ್ ಖ್ಯಾತಿಯ ಲೈನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ಶುರು ಮಾಡಿದರು. ಒಂದು ದಾಖಲೆಯನ್ನು ಕಮಿಟ್ ಎನ್ನುತ್ತಾರೆ.

ಕೆಲಸ ಕಾಣುವಂತೆ ಮಾಡಲು ಇದು ಒಳ್ಳೆಯ ಉಪಾಯ. ಆದರೆ ಬರೀ ಎಣಿಸಿದರೆ ದಾರಿ ತಪ್ಪುತ್ತೇವೆ. ಒಬ್ಬರು ಒಂದು ಸಾಲು ಬದಲಿಸಿ ಹತ್ತು ಕಮಿಟ್ ಮಾಡಬಹುದು. ಇನ್ನೊಬ್ಬರು ಮೂರು ದಿನ ಯೋಚಿಸಿ ನೂರು ಸಾಲು ಅಳಿಸಿ, ಪ್ರೋಗ್ರಾಮನ್ನು ಚೊಕ್ಕ ಮಾಡಬಹುದು. ಒಂದೇ ಲ್ಯಾಪ್‌ಟಾಪಿನಲ್ಲಿ ಇಬ್ಬರು ಕೂತು ಬರೆದರೆ ಹೆಸರು ಒಬ್ಬರದೇ ಬೀಳಬಹುದು. ಟೆಸ್ಟಿಂಗ್ ಮಾಡಿದವರ, ಬಳಕೆದಾರರನ್ನು ಮಾತಾಡಿಸಿ ಬಂದವರ, ಜಗಳ ಬಿಡಿಸಿದವರ ಕೆಲಸ ಅಲ್ಲಿ ಕಾಣುವುದೇ ಇಲ್ಲ. ಹಾಜರಿ ಪುಸ್ತಕದಂತೆ ಇದನ್ನು ಬಳಸಿ. ಹಾಜರಿ ಇದ್ದವರೆಲ್ಲ ಪಾಠ ಕೇಳಿದರು ಎಂದಲ್ಲ ತಾನೇ?

ಹಾಗಾದರೆ ಕಲಿಸುವುದು ಹೇಗೆ?

ಬಾರ್ಬರಾ ಓಕ್ಲಿ, ರಿಚರ್ಡ್ ಫೆಲ್ಡರ್ ಮುಂತಾದ ಎಂಜಿನಿಯರಿಂಗ್ ಅಧ್ಯಾಪಕರು 2004ರಲ್ಲಿ ಕೊಟ್ಟ ಸಲಹೆಗಳು ಮತ್ತು ಮೇಲಿನ ಅಧ್ಯಯನಗಳನ್ನು ಸೇರಿಸಿದರೆ, ನಮ್ಮ ಕಾಲೇಜುಗಳಲ್ಲೂ ಮಾಡಬಹುದಾದ ಕೆಲವು ಕ್ರಮಗಳು ಸಿಗುತ್ತವೆ.

ತಂಡವನ್ನು ಅಧ್ಯಾಪಕರೇ ಮಾಡಲಿ. ಗೆಳೆಯರೇ ಸೇರಿಕೊಂಡರೆ ಟಾಪರುಗಳು ಒಂದು ಕಡೆ, ಉಳಿದವರು ಒಂದು ಕಡೆ ಆಗುತ್ತಾರೆ. ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವ ಹೊತ್ತು ಇದೆಯೇ ಎಂದು ನೋಡಿ ತಂಡ ಕಟ್ಟಬೇಕು. ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಹಾಕದಿರುವುದು ಒಳ್ಳೆಯದು, ಮುಖ್ಯವಾಗಿ ಮೊದಲ ವರ್ಷಗಳಲ್ಲಿ.

ಮೊದಲ ವಾರವೇ ಒಂದು ಪುಟದ ಒಪ್ಪಂದ ಬರೆಯಿಸಿ. ವಾರಕ್ಕೆ ಎಷ್ಟು ಸಲ ಸೇರುತ್ತೇವೆ, ಬರಲಾಗದಿದ್ದರೆ ಎಷ್ಟು ಮೊದಲು ಹೇಳಬೇಕು, ಕೆಲಸ ಮಾಡದಿದ್ದರೆ ಏನು ಮಾಡುತ್ತೇವೆ, ಇಷ್ಟು ಸಾಕು. ಎಲ್ಲರೂ ಸಹಿ ಹಾಕಲಿ. ಜಗಳ ಬರುವ ಮೊದಲು ಬರೆದ ನಿಯಮ ಜಗಳದ ದಿನ ಕೆಲಸಕ್ಕೆ ಬರುತ್ತದೆ.

ಪಾತ್ರಗಳು ಸುತ್ತುತ್ತಿರಲಿ. ಈ ತಿಂಗಳು ರಿಪೋರ್ಟ್ ಬರೆದವರು ಮುಂದಿನ ತಿಂಗಳು ಕೋಡ್ ಬರೆಯಲಿ, ಕೋಡ್ ಬರೆದವರು ಟೆಸ್ಟ್ ಮಾಡಲಿ. ಕೊನೆಗೆ ವೈವಾದಲ್ಲಿ ಯಾರನ್ನು ಬೇಕಾದರೂ ಯಾವ ಭಾಗದ ಬಗ್ಗೆ ಬೇಕಾದರೂ ಕೇಳುತ್ತೇವೆ ಎಂದು ಮೊದಲೇ ತಿಳಿಸಿದರೆ, ಒಬ್ಬರಿಗೊಬ್ಬರು ಹೇಳಿಕೊಡುವ ಅಭ್ಯಾಸ ಶುರುವಾಗುತ್ತದೆ.

ಫೀಡ್‌ಬ್ಯಾಕ್ ಸೆಮಿಸ್ಟರಿನ ನಡುವೆಯೇ ಶುರುವಾಗಲಿ. ಮೊದಲ ಸಲ ಅಂಕ ಇಲ್ಲದೆ, ಬರೀ ಅಭ್ಯಾಸಕ್ಕೆ. ಕೊನೆಯ ವಾರ ಮಾತ್ರ ಕೇಳಿದರೆ ಅದು ದೂರಿನ ಪೆಟ್ಟಿಗೆ ಆಗುತ್ತದೆ, ಸುಧಾರಿಸಿಕೊಳ್ಳಲು ಯಾರಿಗೂ ಹೊತ್ತು ಉಳಿದಿರುವುದಿಲ್ಲ.

ಕೊನೆಯ ಅಸ್ತ್ರವೂ ಇರಲಿ. ಕೆಲಸ ಮಾಡದವರ ಹೆಸರನ್ನು ಆ ಹಂತದ ವರದಿಯಲ್ಲಿ ಸೇರಿಸದಿರಲು ತಂಡಕ್ಕೆ ಅಧಿಕಾರ ಇರಬೇಕು. ಲಿಖಿತ ಎಚ್ಚರಿಕೆಗೂ ಬಗ್ಗದಿದ್ದರೆ, ಅಧ್ಯಾಪಕರ ಒಪ್ಪಿಗೆಯಿಂದ ತಂಡದಿಂದ ಬಿಡಿಸಬಹುದು. ಒಂದು ವಿಷಯ ಮರೆಯಬೇಡಿ: ಬರದೇ ಇರುವವರ ಮನೆಯಲ್ಲಿ ಕಾಯಿಲೆ, ಹಣದ ತೊಂದರೆ, ಮನಸ್ಸಿನ ಬೇಗೆ ಇರಬಹುದು. ಮೊದಲು ಕೇಳಿ, ಆಮೇಲೆ ಎಚ್ಚರಿಸಿ.

ಇದೆಲ್ಲ ಅಧ್ಯಾಪಕರಿಗೆ ಹೆಚ್ಚಿನ ಕೆಲಸ ಎಂಬುದು ನಿಜ. ಹತ್ತಾರು ತಂಡಗಳನ್ನು ಒಬ್ಬರೇ ನೋಡಬೇಕಾದಾಗ ಎಲ್ಲವನ್ನೂ ಒಟ್ಟಿಗೆ ಮಾಡಲಾಗದು. ಒಪ್ಪಂದ ಮತ್ತು ನಡುವಿನ ಒಂದು ಫೀಡ್‌ಬ್ಯಾಕ್, ಈ ಎರಡರಿಂದ ಶುರು ಮಾಡಬಹುದು.

ಮನೆಯವರೂ ಒಂದು ಕೆಲಸ ಮಾಡಬಹುದು

ರೆಡಿಮೇಡ್ ಪ್ರಾಜೆಕ್ಟ್ ಮಾರುವ ಜಾಹೀರಾತುಗಳು ಬೆಂಗಳೂರಿನಲ್ಲಿ ಹೊಸತಲ್ಲ. "ನಾಲ್ವರು ಸೇರಿ ದುಡ್ಡು ಹಾಕಿ ತಗೊಂಡ್ವಿ" ಎಂದು ಮಗನೋ ಮಗಳೋ ಹೇಳಿದರೆ ಖರ್ಚಿನ ಲೆಕ್ಕ ಮಾತ್ರ ಕೇಳಬೇಡಿ. ಆ ದುಡ್ಡು ಕೊಟ್ಟು ಅವರು ಕಳೆದುಕೊಂಡದ್ದು, ಕೆಲಸಕ್ಕೆ ಸೇರುವ ಮೊದಲು ತಂಡದಲ್ಲಿ ತಪ್ಪು ಮಾಡಿ ಕಲಿಯಲು ಸಿಗುವ ಕೊನೆಯ ಅವಕಾಶ. "ಪ್ರಾಜೆಕ್ಟ್ ಆಯ್ತಾ?" ಎಂದು ಕೇಳುವ ಬದಲು "ಅದರಲ್ಲಿ ನೀನು ಮಾಡಿದ್ದೇನು? ನಿನ್ನ ಗೆಳೆಯರು ಮಾಡಿದ್ದೇನು?" ಎಂದು ಕೇಳಿ ನೋಡಿ. ಇಂಟರ್‌ವ್ಯೂನಲ್ಲಿ ಬರುವ ಪ್ರಶ್ನೆ ಮನೆಯಲ್ಲೇ ಬಂದರೆ ತಯಾರಾಗಲು ಹೊತ್ತು ಸಿಗುತ್ತದೆ.

ಕೊನೆಗೆ, ಒಂದು ನಿಜವಾದ ಪ್ರಾಣಿ ಕತೆ

ತೋಳಗಳ ಫೋಟೊ ಸಿಗದವರಿಗೆ ಬಾತುಗಳ ಫಾರ್ವರ್ಡ್ ಬಂದಿರುತ್ತದೆ. ವಿ ಆಕಾರದಲ್ಲಿ ಹಾರಿದರೆ ಶೇ 71ರಷ್ಟು ಹೆಚ್ಚು ದೂರ ಹೋಗಬಹುದು ಎಂಬ ಸಂದೇಶ ಅದು. ಈ ಸಂಖ್ಯೆಯ ಹಿಂದೆ ಇರುವುದು 1970ರ ಒಂದು ಗಣಿತದ ಲೆಕ್ಕಾಚಾರ. 25 ಹಕ್ಕಿಗಳು ಒಟ್ಟಿಗೆ ಹಾರಿದರೆ ಹೀಗಾಗಬಹುದು ಎಂಬ ಅಂದಾಜೇ ಹೊರತು, ಬಾತುಗಳನ್ನು ಅಳೆದು ಕಂಡುಕೊಂಡದ್ದಲ್ಲ.

ನಿಜವಾಗಿ ಅಳೆದ ಕತೆ ಇನ್ನೂ ಚೆನ್ನಾಗಿದೆ. ಯುರೋಪಿನಲ್ಲಿ ವಲಸೆ ಹೋಗುತ್ತಿದ್ದ ಐಬಿಸ್ ಎಂಬ ಹಕ್ಕಿಗಳ ಬೆನ್ನಿಗೆ ಸಂಶೋಧಕರು ಪುಟ್ಟ ಸಾಧನಗಳನ್ನು ಕಟ್ಟಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಹಾರುವುದು ಹೆಚ್ಚು ಶ್ರಮದ ಕೆಲಸ. ಹಕ್ಕಿಗಳು ಜೋಡಿಯಾಗಿ ಆಗಾಗ ಜಾಗ ಬದಲಿಸುತ್ತಿದ್ದವು. ಒಂದು ಹಕ್ಕಿ ಎಷ್ಟು ಹೊತ್ತು ಮುಂದಿತ್ತೋ, ಹೆಚ್ಚು ಕಡಿಮೆ ಅಷ್ಟೇ ಹೊತ್ತು ಹಿಂದೆ ಹಾರಿ ಅದರ ಲಾಭ ಪಡೆಯುತ್ತಿತ್ತು. ಅಲ್ಲಿ ತ್ಯಾಗ ಮಾಡುವ ನಾಯಕನೂ ಇಲ್ಲ, ಪುಕ್ಕಟೆ ಸವಾರಿಯೂ ಇಲ್ಲ. ನಮ್ಮ ಮುಯ್ಯಾಳು ಲೆಕ್ಕವೇ.

ಮುಂದಿನ ಸಲ ತೋಳಗಳ ಫೋಟೊ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಫೋಟೊ ಎಲ್ಲಿಯದು, ವಿವರಣೆಯಲ್ಲಿ ತಪ್ಪು ಏನು, ಸರಿಯಾದ್ದು ಏನು ಎಂದು ಮೂರು ಸಾಲು ಬರೆದು ಕಳಿಸಿ. ವ್ಯಕ್ತಿಯನ್ನು ಬಿಟ್ಟು ವಿಷಯದ ಮೇಲೆ ಮಾತಾಡುವ ಅಭ್ಯಾಸ ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಶುರುವಾಗಲಿ.